ಚೀಲ ಮೊದಲು, ಚೀಟಿ ಆಮೇಲೆ: ಗಿಟ್ ಸಬ್‌ಮಾಡ್ಯೂಲ್ ಜೋಡಿಸುವ ಬಗೆ

ಜುಲೈ 31ರ ರಾತ್ರಿ ಕಾರವಾರದಿಂದ ಫೋನ್ ಬಂತು. "ಅಣ್ಣಾ, ನೀವು ಹಾಕಿದ್ದನ್ನ ಇಳಿಸಿಕೊಂಡೆ. ಲೆಕ್ಕದ ಫೋಲ್ಡರ್ ಮಾತ್ರ ಬರ್ತಾ ಇಲ್ಲ. ಏನೋ ಎರರ್ ತೋರಿಸ್ತಿದೆ."

ಮರುದಿನ ಆಗಸ್ಟ್ 1. ಜೂನ್ 1ರಿಂದ 61 ದಿನ ನಿಂತಿದ್ದ ಯಾಂತ್ರಿಕ ಮೀನುಗಾರಿಕೆ ಮತ್ತೆ ಶುರುವಾಗುವ ದಿನ. ಬೈತಖೋಲ್ ಬಂದರಿಗೆ ದೋಣಿ ಬಂದ ಹಾಗೆ ಮೀನಿನ ತೂಕ, ದರ ಬರೆದಿಡುವ ಪುಟ್ಟ ಅಪ್ಲಿಕೇಶನ್ ಒಂದನ್ನು ನಾವು ಮೂವರು ಸೇರಿ ಮಾಡಿದ್ದೆವು. ನಾನು ಶಿರಸಿ ಹತ್ತಿರದ ಹಳ್ಳಿಯಲ್ಲಿ, ಒಬ್ಬ ಗೆಳೆಯ ಕುಮಟಾದಲ್ಲಿ, ಫೋನ್ ಮಾಡಿದಾಕೆ ಕಾರವಾರದಲ್ಲಿ. ನಮ್ಮ ಮನೆಯಲ್ಲಿ ಸಂಜೆಯಿಂದ ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದ ಅಷ್ಟಿಷ್ಟು ಚಾರ್ಜ್‌ನಲ್ಲೇ ಹುಡುಕಿದೆ. ತಪ್ಪು ನನ್ನದೇ ಆಗಿತ್ತು. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ನಮ್ಮ ಕೆಲಸ ಒಂದರೊಳಗೊಂದು ಕೂತ ಎರಡು ರೆಪೊಗಳಲ್ಲಿ (ಕಡತಗಳೂ ಅವುಗಳ ಇತಿಹಾಸವೂ ಇರುವ ಭಂಡಾರ) ಇತ್ತು. ಹೊರಗಿನ ರೆಪೊ ಪುಶ್ ಮಾಡಿದ್ದೆ, ಎಂದರೆ ಸರ್ವರ್‌ಗೆ ಕಳಿಸಿದ್ದೆ. ಒಳಗಿನದನ್ನು ಮಾಡಿರಲಿಲ್ಲ. ಮಾತಾಡಲು ಸಿಗುತ್ತಿದ್ದ ಸಿಗ್ನಲ್ ಇಂಟರ್ನೆಟ್‌ಗೆ ಸಾಲುತ್ತಿರಲಿಲ್ಲ. ಕೊಡೆ, ಟಾರ್ಚ್ ಹಿಡಿದು ಮನೆ ಹಿಂದಿನ ಬೆಟ್ಟ ಹತ್ತಿ, ಅಲ್ಲಿಂದ ಒಂದೇ ಒಂದು ಕಮಾಂಡ್ ಕಳಿಸಿ ಇಳಿದೆ.

ಹೀಗೆ ಒಂದು ರೆಪೊದೊಳಗೆ ಜೋಡಿಸಿದ ಇನ್ನೊಂದು ರೆಪೊಗೆ ಸಬ್‌ಮಾಡ್ಯೂಲ್ ಎನ್ನುತ್ತಾರೆ. ಅದು ಕಷ್ಟದ್ದು ಎಂದು ಬಹಳ ಜನ ದೂರ ಇಡುತ್ತಾರೆ. ಅದು ಏನನ್ನು ಇಟ್ಟುಕೊಳ್ಳುತ್ತದೆ, ಏನನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು ತಲೆಗೆ ಹೋದರೆ ಉಳಿದದ್ದು ಸುಲಭ. ಅದನ್ನೇ ಮೊದಲು ಹೇಳಿ, ಆಮೇಲೆ ಹೆಜ್ಜೆಗಳಿಗೆ ಬರುತ್ತೇನೆ.

ಒಂದು ವಿಷಯ: ಕಮಾಂಡ್‌ಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು. 'ಹೆಡ್' ಮಾತ್ರ ದೊಡ್ಡಕ್ಷರ. ಎರಡು ಹೈಫನ್ ಕಂಡಲ್ಲಿ ನಡುವೆ ಜಾಗ ಬಿಡಬೇಡಿ.

ಚೀಟಿ ಬೇರೆ, ಚೀಲ ಬೇರೆ

ಅಡಿಕೆ ಮಾರಲು ಶಿರಸಿ ಪೇಟೆಗೆ ಹೋದವರಿಗೆ ಲಾಟ್ ನಂಬರ್ ಗೊತ್ತಿರುತ್ತದೆ. ನಿಮ್ಮ ಚೀಲಗಳಿಗೆ ಒಂದು ನಂಬರ್ ಬೀಳುತ್ತದೆ. ವ್ಯಾಪಾರಿಗಳು ಮಾಲು ನೋಡಿ, ಆ ನಂಬರಿಗೆ ಟೆಂಡರ್ ಬರೆಯುತ್ತಾರೆ. ಪುಸ್ತಕದಲ್ಲಿ ಇರುವುದು ನಂಬರ್. ಅಡಿಕೆ ಇರುವುದು ಚೀಲದಲ್ಲಿ.

ಸಬ್‌ಮಾಡ್ಯೂಲ್ ಕೂಡ ಹೀಗೇ. ಒಂದು ರೆಪೊದೊಳಗೆ ಇನ್ನೊಂದು ರೆಪೊವನ್ನು ಸಬ್‌ಮಾಡ್ಯೂಲ್ ಆಗಿ ಸೇರಿಸಿದಾಗ, ಹೊರಗಿನ ರೆಪೊ ಒಳಗಿನ ಕಡತಗಳನ್ನು ತನ್ನೊಳಗೆ ತೆಗೆದುಕೊಳ್ಳುವುದಿಲ್ಲ. ಒಳಗಿನ ರೆಪೊದ ಒಂದು ಕಮಿಟ್‌ನ (ದಾಖಲಿಸಿಟ್ಟ ಒಂದು ಹಂತದ) ಗುರುತನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಅದು 40 ಅಕ್ಷರ-ಅಂಕಿಗಳ ಸಾಲು. ಅದೇ ಚೀಟಿ. ಕಡತಗಳು, ಅವುಗಳ ಇತಿಹಾಸ, ಬ್ರಾಂಚ್‌ಗಳು (ಕೆಲಸದ ಬೇರೆ ಬೇರೆ ಕವಲುಗಳು) ಎಲ್ಲ ಒಳಗಿನ ರೆಪೊದಲ್ಲೇ ಇರುತ್ತವೆ. ಅದು ಚೀಲ.

ನಂಬಿಕೆ ಬರದಿದ್ದರೆ ಸಬ್‌ಮಾಡ್ಯೂಲ್ ಇರುವ ಯಾವುದಾದರೂ ರೆಪೊದಲ್ಲಿ ಇದನ್ನು ಹಾಕಿ ನೋಡಿ:

ಗಿಟ್ ಎಲ್‌ಎಸ್-ಟ್ರೀ ಹೆಡ್

ಮಾಮೂಲಿ ಕಡತದ ಮುಂದೆ 100644 ಬ್ಲಾಬ್ ಎಂದಿರುತ್ತದೆ. ಫೋಲ್ಡರ್ ಮುಂದೆ 040000 ಟ್ರೀ ಎಂದಿರುತ್ತದೆ. ಸಬ್‌ಮಾಡ್ಯೂಲ್ ಮುಂದೆ ಮಾತ್ರ 160000 ಕಮಿಟ್ ಎಂದು ಬಂದು, ಪಕ್ಕದಲ್ಲಿ ಆ ಉದ್ದದ ಗುರುತು ಕಾಣುತ್ತದೆ. ನಿಮ್ಮ ಕಣ್ಣಿಗೆ ಅದು ಫೋಲ್ಡರ್. ಗಿಟ್ ಪಾಲಿಗೆ ಅದು ಒಂದು ಸಾಲಿನ ಚೀಟಿ. ಈ ಸಾಲನ್ನು ಒಮ್ಮೆ ಕಣ್ಣಾರೆ ನೋಡಿದ ದಿನವೇ ನನಗೆ ಸಬ್‌ಮಾಡ್ಯೂಲ್ ಅರ್ಥವಾದದ್ದು. ಅದಕ್ಕೇ ಸುಮ್ನೆ ಓದಿ ಬಿಡಬೇಡಿ, ಮಾಡಿ ನೋಡಿ.

ನಿಮಗೆ ಇದು ಬೇಕಾ?

ನಮಗೆ ಯಾಕೆ ಬೇಕಾಯಿತು ಅಂತ ಹೇಳುತ್ತೇನೆ. ನಮ್ಮ ಹತ್ತಿರ ಎರಡು ಅಪ್ಲಿಕೇಶನ್ ಇವೆ. ಒಂದು 'ಅಡಿಕೆ', ಇನ್ನೊಂದು 'ಮೀನು'. ಅಡಿಕೆಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ದರ್ಜೆಗಳು. ದರ ಇರುವುದು ಕ್ವಿಂಟಾಲಿಗೆ, ತೂಕ ಬರುವುದು ಕೆಜಿಯಲ್ಲಿ. ಮೀನಿನಲ್ಲಿ ಬಂಗಡೆ, ತಾರ್ಲೆ, ಸಿಗಡಿ. ಎರಡಕ್ಕೂ ಬೇಕಾದ ಕೆಲಸ ಒಂದೇ: ತೂಕಕ್ಕೆ ದರ ಗುಣಿಸಬೇಕು, ಪೈಸೆಯನ್ನು ಸರಿಮಾಡಬೇಕು, ಅಂಕಿಗಳನ್ನು ಕನ್ನಡದಲ್ಲಿ ತೋರಿಸಬೇಕು.

ಮೊದಲು ಆ ಫೋಲ್ಡರನ್ನು ಎರಡೂ ಕಡೆ ಕಾಪಿ ಮಾಡಿ ಇಟ್ಟಿದ್ದೆವು. ಒಂದು ದಿನ ಪೈಸೆ ಲೆಕ್ಕದಲ್ಲಿ ತಪ್ಪು ಸಿಕ್ಕಿತು. 2 ಕ್ವಿಂಟಾಲ್ 49 ಕೆಜಿ ರಾಶಿ, ಕ್ವಿಂಟಾಲಿಗೆ 48,399 ರೂಪಾಯಿ ಎಂದಿಟ್ಟುಕೊಳ್ಳಿ. 1,20,513 ರೂಪಾಯಿ 51 ಪೈಸೆ ಆಗುತ್ತದೆ. ಹತ್ತಿರದ ರೂಪಾಯಿಗೆ ಸರಿಮಾಡಿದರೆ 1,20,514 ಬರಬೇಕು. ನಮ್ಮ ಕೋಡ್ ಪೈಸೆಯನ್ನು ಉದುರಿಸಿ 1,20,513 ಎನ್ನುತ್ತಿತ್ತು. ಅಡಿಕೆಯಲ್ಲಿ ಸರಿ ಮಾಡಿದೆವು. ಮೀನಿನಲ್ಲಿ ಮರೆತೆವು. ಒಂದು ರೂಪಾಯಿಯೇ ಇರಬಹುದು. ಆದರೆ ಮಾರುವವರ ದುಡ್ಡು ಅದು, ಪ್ರತಿ ಸಲ ಅವರ ಕಡೆಯಿಂದಲೇ ಹೋಗುತ್ತದೆ. ಆವತ್ತೇ 'ಲೆಕ್ಕ' ಎಂಬ ಬೇರೆ ರೆಪೊ ಮಾಡಿ, ಎರಡಕ್ಕೂ ಸಬ್‌ಮಾಡ್ಯೂಲ್ ಆಗಿ ಜೋಡಿಸಿದೆವು.

ನಿಮ್ಮದು ಒಂದೇ ಪ್ರಾಜೆಕ್ಟ್ ಆದರೆ ಸಬ್‌ಮಾಡ್ಯೂಲ್ ಬೇಡ, ಮಾಮೂಲಿ ಫೋಲ್ಡರ್ ಸಾಕು. ನಿಮಗೆ ಬೇಕಾದದ್ದು ಬೇರೆಯವರ ಲೈಬ್ರರಿಯಾಗಿದ್ದು, ಅದು ಎನ್‌ಪಿಎಂ ಅಥವಾ ಪಿಪ್‌ನಲ್ಲಿ (ಸಿದ್ಧ ಲೈಬ್ರರಿಗಳನ್ನು ಇಳಿಸಿಕೊಡುವ ಸಾಧನಗಳು) ಸಿಗುವುದಾದರೆ ಅಲ್ಲಿಂದಲೇ ತೆಗೆದುಕೊಳ್ಳಿ. ಕೋಡ್ ನಿಮ್ಮದೇ, ಎರಡು ಮೂರು ಕಡೆ ಬೇಕು, ಪ್ರತಿ ಕಡೆಯೂ ಯಾವ ಆವೃತ್ತಿ ಇದೆ ಎಂಬುದು ಖಚಿತವಾಗಿರಬೇಕು, ಅಲ್ಲಿಂದಲೇ ತಿದ್ದಲೂ ಆಗಬೇಕು — ಹೀಗಿದ್ದಾಗ ಸಬ್‌ಮಾಡ್ಯೂಲ್ ಚೆನ್ನ. ಒಳಗಿನ ಕಡತಗಳು ಹೊರಗಿನ ರೆಪೊದಲ್ಲೇ ಪೂರ್ತಿ ಬಂದು ಕೂರಬೇಕು ಎಂದರೆ ಗಿಟ್ ಸಬ್‌ಟ್ರೀ ಎಂಬ ಇನ್ನೊಂದು ದಾರಿ ಇದೆ. ಅದು ಬೇರೆಯದೇ ಕಥೆ.

ಜೋಡಿಸುವುದು

ಮೊದಲು ಗಿಟ್ ಆವೃತ್ತಿ ನೋಡಿಕೊಳ್ಳಿ: ಗಿಟ್ --ವರ್ಷನ್. ಇಲ್ಲಿ ಹೇಳುವ ಎಲ್ಲವೂ ನಡೆಯಲು 2.25 ಅಥವಾ ಅದಕ್ಕಿಂತ ಹೊಸದು ಇದ್ದರೆ ಸಾಕು. ಹಳೆಯದಿದ್ದರೆ ಈಗಲೇ ಬದಲಿಸಿ.

'ಲೆಕ್ಕ' ತನ್ನದೇ ಒಂದು ರೆಪೊ ಆಗಿ ಸರ್ವರ್‌ನಲ್ಲಿ ಇರಬೇಕು. ಅದರಲ್ಲಿ ಕನಿಷ್ಠ ಒಂದು ಕಮಿಟ್ ಇರಬೇಕು. ಖಾಲಿ ರೆಪೊಗೆ ಚೀಟಿ ಬರೆಯಲು ಆಗುವುದಿಲ್ಲ, ಅಲ್ವಾ? ಆಮೇಲೆ 'ಮೀನು' ರೆಪೊದ ಎಲ್ಲಕ್ಕಿಂತ ಮೇಲಿನ ಫೋಲ್ಡರಿಗೆ ಹೋಗಿ ಇದನ್ನು ಕೊಡಿ:

ಗಿಟ್ ಸಬ್‌ಮಾಡ್ಯೂಲ್ ಆ್ಯಡ್ -ಬಿ ಮೇನ್ ../ಲೆಕ್ಕ.ಗಿಟ್ ಲೆಕ್ಕ

'-ಬಿ ಮೇನ್' ಎಂದರೆ ಮುಂದೆ ಹೊಸದನ್ನು ತರುವಾಗ ಮೇನ್ ಬ್ರಾಂಚ್ ನೋಡು ಎಂದು. ಅದರ ನಂತರದ್ದು ವಿಳಾಸ. ಕೊನೆಯ 'ಲೆಕ್ಕ' ಎಂದರೆ ನಮ್ಮ ರೆಪೊದಲ್ಲಿ ಯಾವ ಫೋಲ್ಡರ್‌ನಲ್ಲಿ ಕೂರಬೇಕು ಎಂಬುದು.

ವಿಳಾಸವನ್ನು ಎರಡು ಚುಕ್ಕೆಯಿಂದ ಶುರು ಮಾಡಿದ್ದು ಬೇಕೆಂದೇ. 'ಮೀನು' ಎಲ್ಲಿಂದ ಬಂತೋ ಅದರ ಪಕ್ಕದಲ್ಲೇ 'ಲೆಕ್ಕ' ಇದೆ ಎಂದು ಅರ್ಥ. ಎರಡೂ ಒಂದೇ ಸರ್ವರ್‌ನಲ್ಲಿ, ಒಂದೇ ಖಾತೆಯಡಿ ಇದ್ದರೆ ಹೀಗೇ ಬರೆಯಿರಿ. ನಾನು ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಕಡತ) ಇಟ್ಟುಕೊಂಡು ಕೆಲಸ ಮಾಡುತ್ತೇನೆ. ಕುಮಟಾದ ಗೆಳೆಯ ಎಚ್‌ಟಿಟಿಪಿಎಸ್‌ನಲ್ಲಿ, ಎಂದರೆ ಮಾಮೂಲಿ ವೆಬ್ ವಿಳಾಸದಿಂದ, ತೆಗೆದುಕೊಳ್ಳುತ್ತಾನೆ. ನಾನು ನನ್ನ ಎಸ್‌ಎಸ್‌ಎಚ್ ವಿಳಾಸವನ್ನೇ ಪೂರ್ತಿ ಬರೆದಿಟ್ಟಿದ್ದರೆ, ಕೀ ಇಲ್ಲದ ಅವನಿಗೆ 'ಲೆಕ್ಕ' ಬರುತ್ತಲೇ ಇರಲಿಲ್ಲ. ಎರಡು ಚುಕ್ಕೆ ಇದ್ದರೆ ಹೊರಗಿನದು ಯಾವ ದಾರಿಯಲ್ಲಿ ಬಂತೋ ಒಳಗಿನದೂ ಅದೇ ದಾರಿಯಲ್ಲಿ ಬರುತ್ತದೆ.

ಕಮಾಂಡ್ ಮುಗಿದ ಮೇಲೆ ಗಿಟ್ ಸ್ಟೇಟಸ್ ನೋಡಿ. ಎರಡು ಹೊಸ ಸಂಗತಿ ಕಾಣುತ್ತವೆ. ಒಂದು 'ಲೆಕ್ಕ'. ಇನ್ನೊಂದು ಚುಕ್ಕೆಯಿಂದ ಶುರುವಾಗುವ .ಗಿಟ್‌ಮಾಡ್ಯೂಲ್ಸ್ ಎಂಬ ಕಡತ. ತೆರೆದರೆ ಹೀಗಿರುತ್ತದೆ:

[ಸಬ್‌ಮಾಡ್ಯೂಲ್ "ಲೆಕ್ಕ"]
ಪಾಥ್ = ಲೆಕ್ಕ
ಯುಆರ್‌ಎಲ್ = ../ಲೆಕ್ಕ.ಗಿಟ್
ಬ್ರಾಂಚ್ = ಮೇನ್

ಇದು ಚೀಲ ಎಲ್ಲಿ ಸಿಗುತ್ತದೆ ಎಂಬ ವಿಳಾಸ ಮಾತ್ರ. ಯಾವ ಕಮಿಟ್ ಬೇಕು ಎಂಬುದು ಇದರಲ್ಲಿ ಇರುವುದಿಲ್ಲ. ಅದು ಆಗಲೇ ನೋಡಿದ 160000ರ ಸಾಲಿನಲ್ಲಿ ಇರುತ್ತದೆ. 'ಬ್ರಾಂಚ್ = ಮೇನ್' ಎಂದು ಬರೆದಿದೆಯಲ್ಲ, ಹಾಗಾದರೆ ಮೇನ್ ಮುಂದೆ ಹೋದಂತೆ ನಮ್ಮದೂ ತಾನಾಗೇ ಮುಂದೆ ಹೋಗುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ. ಹೋಗುವುದಿಲ್ಲ. ನೀವಾಗಿ ಹೇಳುವ ತನಕ ಚೀಟಿ ಇದ್ದಲ್ಲೇ ಇರುತ್ತದೆ. ಸಬ್‌ಮಾಡ್ಯೂಲ್‌ನ ದೊಡ್ಡ ಲಾಭವೇ ಇದು. 'ಲೆಕ್ಕ'ದಲ್ಲಿ ಯಾರೋ ಏನೋ ಬದಲಿಸಿದರು ಎಂದು ಬಂದರಿನಲ್ಲಿ ಓಡುತ್ತಿರುವ ಅಪ್ಲಿಕೇಶನ್ ಇದ್ದಕ್ಕಿದ್ದಂತೆ ಬೇರೆ ಲೆಕ್ಕ ಹೇಳುವುದಿಲ್ಲ.

ಎರಡನ್ನೂ ಸೇರಿಸಿ ಕಮಿಟ್ ಮಾಡಿ, ಪುಶ್ ಮಾಡಿ. ಜೋಡಿಸುವ ಕೆಲಸ ಇಷ್ಟೇ.

ಬೇರೆಯವರು ಇಳಿಸಿಕೊಳ್ಳುವಾಗ

ಗಿಟ್ ಕ್ಲೋನ್ --ರಿಕರ್ಸ್-ಸಬ್‌ಮಾಡ್ಯೂಲ್ಸ್ ಎಂದು ಕೊಟ್ಟು ವಿಳಾಸ ಹಾಕಿದರೆ ಎರಡೂ ಒಟ್ಟಿಗೆ ಬರುತ್ತವೆ. ಆ ಪದ ಮರೆತು ಬರೀ ಕ್ಲೋನ್ ಮಾಡಿದರೆ 'ಲೆಕ್ಕ' ಫೋಲ್ಡರ್ ಖಾಲಿ ಬರುತ್ತದೆ. ಗಾಬರಿ ಬೇಡ. ಏನೂ ಕಳೆದುಹೋಗಿಲ್ಲ. ಚೀಟಿ ಬಂದಿದೆ, ಚೀಲ ತಂದಿಲ್ಲ ಅಷ್ಟೇ. ಇದನ್ನು ಕೊಡಿ:

ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್

ಇಡೀ ಲೇಖನದಲ್ಲಿ ಒಂದೇ ಕಮಾಂಡ್ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. "ಚೀಟಿಯಲ್ಲಿ ಬರೆದ ಚೀಲಗಳನ್ನೆಲ್ಲ ತಂದು ಅವುಗಳ ಜಾಗದಲ್ಲಿ ಇಡು" ಎಂದು ಅದಕ್ಕೆ ಅರ್ಥ. ಎಷ್ಟು ಸಲ ಕೊಟ್ಟರೂ ಈಗಾಗಲೇ ಸರಿಯಿದ್ದದ್ದನ್ನು ಮುಟ್ಟುವುದಿಲ್ಲ. ನಾವು ಪ್ರತಿ ಪುಲ್ (ಸರ್ವರ್‌ನಿಂದ ಹೊಸದನ್ನು ತರುವುದು) ಆದ ಮೇಲೂ ಇದನ್ನೇ ಕೊಡುತ್ತೇವೆ.

ಗಿಟ್ ರೆಪೊಗಳನ್ನು ಇಡುವ ಗಿಟ್‌ಹಬ್ ತಾಣದಿಂದ ಜಿಪ್ ಆಗಿ ಇಳಿಸಿಕೊಂಡರೆ ಅದರಲ್ಲಿ ಸಬ್‌ಮಾಡ್ಯೂಲ್‌ನ ಕಡತಗಳು ಇರುವುದಿಲ್ಲ. ಟೆಸ್ಟ್‌ಗಳನ್ನು ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ (ಗಿಟ್‌ಹಬ್‌ನಲ್ಲೇ ಕೆಲಸಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಓಡಿಸುವವರು ಚೆಕ್‌ಔಟ್ ಹಂತದಲ್ಲಿ 'ಸಬ್‌ಮಾಡ್ಯೂಲ್ಸ್: ರಿಕರ್ಸಿವ್' ಎಂದು ಬರೆಯಬೇಕು. ಬರೆಯದಿದ್ದರೆ ಅಲ್ಲೂ ಖಾಲಿ ಫೋಲ್ಡರೇ. 'ಲೆಕ್ಕ' ಖಾಸಗಿ ರೆಪೊ ಆಗಿದ್ದರೆ ಅದನ್ನು ಓದಲು ಬೇರೆ ಟೋಕನ್ (ಅನುಮತಿಯ ಗುರುತು) ಕೂಡ ಕೊಡಬೇಕಾಗುತ್ತದೆ. ಮಾಮೂಲಿ ಟೋಕನ್ ಹೊರಗಿನ ರೆಪೊಗೆ ಮಾತ್ರ ಸಾಲುತ್ತದೆ.

ಒಳಗೆ ಹೋಗಿ ತಿದ್ದುವಾಗ

ಜಾರುವುದು ಇಲ್ಲೇ. ನಿಧಾನವಾಗಿ ಓದಿ.

ಅಪ್‌ಡೇಟ್ ಕಮಾಂಡ್ ಚೀಟಿಯಲ್ಲಿರುವ ಕಮಿಟ್ಟನ್ನೇ ತಂದು ಇಡುತ್ತದೆ. ಬ್ರಾಂಚ್ ಹಿಡಿಯುವುದಿಲ್ಲ. ಹಾಗಾಗಿ 'ಲೆಕ್ಕ' ಫೋಲ್ಡರಿಗೆ ಹೋಗಿ ಗಿಟ್ ಸ್ಟೇಟಸ್ ಕೊಟ್ಟರೆ 'ಹೆಡ್ ಡಿಟ್ಯಾಚ್ಡ್' ಎಂದು ಬರುತ್ತದೆ. ಎಂದರೆ ನೀವು ಯಾವ ಬ್ರಾಂಚ್ ಮೇಲೂ ಇಲ್ಲ. ಅಲ್ಲೇ ತಿದ್ದಿ ಕಮಿಟ್ ಮಾಡಿದರೆ ಆ ಕಮಿಟ್ ಯಾವ ಬ್ರಾಂಚಿಗೂ ಸೇರುವುದಿಲ್ಲ. ಮುಂದಿನ ಸಲ ಹೊರಗಿನಿಂದ ಅಪ್‌ಡೇಟ್ ಕೊಟ್ಟಾಗ ಗಿಟ್ ಹಳೆಯ ಜಾಗಕ್ಕೆ ಹೋಗಿಬಿಡುತ್ತದೆ. ನೀವು ಮಾಡಿದ್ದು ಕಣ್ಣಿಗೆ ಕಾಣುವುದಿಲ್ಲ.

ಅದಕ್ಕೇ ಒಳಗೆ ಕಾಲಿಟ್ಟ ತಕ್ಷಣ ಮೊದಲ ಕೆಲಸ:

ಗಿಟ್ ಸ್ವಿಚ್ ಮೇನ್
ಗಿಟ್ ಪುಲ್

ಆಮೇಲೆ ತಿದ್ದಿ. ಟೆಸ್ಟ್ ಮಾಡಿ. ಕಮಿಟ್ ಮಾಡಿ. ಮತ್ತು ಅಲ್ಲಿಂದ ಹೊರಗೆ ಬರುವ ಮೊದಲು ಪುಶ್ ಮಾಡಿ.

ಈಗ ಹೊರಗೆ ಬನ್ನಿ. 'ಮೀನು' ರೆಪೊದಲ್ಲಿ ಗಿಟ್ ಸ್ಟೇಟಸ್ ಕೊಟ್ಟರೆ 'ಲೆಕ್ಕ'ದ ಪಕ್ಕ 'ನ್ಯೂ ಕಮಿಟ್ಸ್' ಎಂದು ಬರೆದಿರುತ್ತದೆ. ಎಂದರೆ ಚೀಲ ಬದಲಾಗಿದೆ, ಚೀಟಿ ಹಳೆಯದೇ ಇದೆ. ಹೊಸ ಚೀಟಿ ಬರೆಯಲು:

ಗಿಟ್ ಆ್ಯಡ್ ಲೆಕ್ಕ
ಗಿಟ್ ಕಮಿಟ್
ಗಿಟ್ ಪುಶ್

ಕ್ರಮ ಇಷ್ಟು: ಒಳಗೆ ಕಮಿಟ್, ಒಳಗೆ ಪುಶ್, ಹೊರಗೆ ಕಮಿಟ್, ಹೊರಗೆ ಪುಶ್. ಚೀಲ ಮೊದಲು, ಚೀಟಿ ಆಮೇಲೆ. ಆವತ್ತು ರಾತ್ರಿ ನಾನು ತಪ್ಪಿದ್ದು ಎರಡನೇ ಹೆಜ್ಜೆಯನ್ನು. ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಸರಿ ಇತ್ತು, ಏಕೆಂದರೆ ಚೀಲ ನನ್ನ ಹತ್ತಿರವೇ ಇತ್ತು. ಸರ್ವರ್‌ಗೆ ಹೋಗಿದ್ದು ಚೀಟಿ ಮಾತ್ರ. ಕಾರವಾರದಲ್ಲಿ ಆಕೆ ಆ ಚೀಟಿ ಹಿಡಿದು ಸರ್ವರ್‌ನಲ್ಲಿ ಕೇಳಿದರೆ, "ಈ ನಂಬರಿನ ಚೀಲ ಇಲ್ಲಿಗೆ ಬಂದೇ ಇಲ್ಲ" ಎಂಬ ಉತ್ತರ. ಗಿಟ್ ಅದನ್ನು 'ನಾಟ್ ಅವರ್ ರೆಫ್' ಎಂದು ಹೇಳುತ್ತದೆ. ಈ ಮೂರು ಪದ ಕಂಡರೆ ನಿಮ್ಮ ಕಂಪ್ಯೂಟರನ್ನು ದೂರಬೇಡಿ. ಕೊನೆಯದಾಗಿ ಚೀಟಿ ಬರೆದವರಿಗೆ ಫೋನ್ ಮಾಡಿ, "ಒಳಗಿನದು ಪುಶ್ ಆಗಿದೆಯಾ?" ಎಂದು ಕೇಳಿ.

ಮನುಷ್ಯರು ಮರೆಯುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದರೊಳಗೆ ಮುಗಿಸಬೇಕು ಎಂಬ ಅವಸರದಲ್ಲಿ ಇನ್ನೂ ಜಾಸ್ತಿ ಮರೆಯುತ್ತಾರೆ. ಕಾಯುವ ಕೆಲಸವನ್ನು ಗಿಟ್‌ಗೇ ಕೊಟ್ಟುಬಿಡಿ:

ಗಿಟ್ ಕಾನ್ಫಿಗ್ --ಗ್ಲೋಬಲ್ ಪುಶ್.ರಿಕರ್ಸ್‌ಸಬ್‌ಮಾಡ್ಯೂಲ್ಸ್ ಚೆಕ್

ಇದನ್ನು ಒಮ್ಮೆ ಹಾಕಿಟ್ಟರೆ, ಒಳಗಿನ ಕಮಿಟ್ ಸರ್ವರ್‌ಗೆ ಹೋಗದೆ ಹೊರಗಿನದನ್ನು ಪುಶ್ ಮಾಡಲು ಗಿಟ್ ಬಿಡುವುದಿಲ್ಲ. 'ಚೆಕ್' ಬದಲು 'ಆನ್-ಡಿಮಾಂಡ್' ಎಂದು ಬರೆದರೆ ತಾನೇ ಒಳಗಿನದನ್ನೂ ಪುಶ್ ಮಾಡಲು ನೋಡುತ್ತದೆ. ನನಗೆ 'ಚೆಕ್' ಇಷ್ಟ. 'ಲೆಕ್ಕ'ವನ್ನು ಅಡಿಕೆಯವರೂ ಬಳಸುತ್ತಾರೆ. ಅದು ಹೊರಗೆ ಹೋಗುವಾಗ ನಾನು ಒಮ್ಮೆ ಕಣ್ಣು ಹಾಯಿಸಿಯೇ ಹೋಗಬೇಕು. ಈ ಲೇಖನ ಓದಿ ಒಂದೇ ಕೆಲಸ ಮಾಡುವಿರಾದರೂ ಮೇಲಿನ ಸಾಲನ್ನು ಹಾಕಿ.

ಬ್ರಾಂಚ್ ಹಿಡಿಯದೆ ಕಮಿಟ್ ಮಾಡಿ, ಅದು ಕಾಣೆಯಾಯಿತು ಎಂದರೆ? ಒಳಗಿನ ಫೋಲ್ಡರಿನಲ್ಲಿ ಗಿಟ್ ರೆಫ್‌ಲಾಗ್ ಕೊಡಿ. ನೀವು ಎಲ್ಲೆಲ್ಲಿ ನಿಂತಿದ್ದಿರಿ ಎಂಬ ಪಟ್ಟಿ ಬರುತ್ತದೆ. ನಿಮ್ಮ ಕಮಿಟ್ ಸಾಲನ್ನು ಹುಡುಕಿ ಅದರ ಗುರುತು ನೋಡಿಕೊಳ್ಳಿ. 4071936 ಎಂದಿದ್ದರೆ:

ಗಿಟ್ ಬ್ರಾಂಚ್ ಉಳಿಕೆ 4071936

ಈಗ ಅದಕ್ಕೆ 'ಉಳಿಕೆ' ಎಂಬ ಬ್ರಾಂಚ್ ಆಯಿತು. ಮೇನ್‌ಗೆ ಹೋಗಿ ಅದನ್ನು ಮರ್ಜ್ ಮಾಡಿಕೊಳ್ಳಿ, ಎಂದರೆ ಅದರೊಳಗೆ ಬೆರೆಸಿಕೊಳ್ಳಿ. ಹೀಗೆ ಯಾವ ಬ್ರಾಂಚಿಗೂ ಸೇರದ ಕಮಿಟ್‌ನ ದಾಖಲೆಯನ್ನು ಗಿಟ್ ಮಾಮೂಲಿಯಾಗಿ 30 ದಿನ ಇಟ್ಟುಕೊಳ್ಳುತ್ತದೆ. ತಡ ಮಾಡಬೇಡಿ.

ಸದ್ದಿಲ್ಲದೆ ಹಿಂದಕ್ಕೆ ಹೋಗುವ ಚೀಟಿ

ಮೇಲಿನದು ಎರರ್ ಆಗಿ ಕಾಣುತ್ತದೆ. ಇದು ಕಾಣುವುದಿಲ್ಲ. ಅದಕ್ಕೇ ಇದರ ಬಗ್ಗೆ ನನಗೆ ಜಾಸ್ತಿ ಭಯ.

ಕುಮಟಾದ ಗೆಳೆಯ ಪೈಸೆ ಲೆಕ್ಕ ಸರಿಮಾಡಿ, ಕ್ರಮ ತಪ್ಪದೆ ಎರಡನ್ನೂ ಪುಶ್ ಮಾಡಿದ. ನಾನು 'ಮೀನು' ಪುಲ್ ಮಾಡಿದೆ. ಹೊಸ ಚೀಟಿ ಬಂತು. ಸಬ್‌ಮಾಡ್ಯೂಲ್ ಅಪ್‌ಡೇಟ್ ಕೊಡಲಿಲ್ಲ. ಹಾಗಾಗಿ ನನ್ನ ಫೋಲ್ಡರಿನಲ್ಲಿ ಇನ್ನೂ ಹಳೆಯ ಚೀಲವೇ ಇದೆ. ನಾನು ಬೇರೇನೋ ಒಂದು ಬಣ್ಣ ಬದಲಿಸಿ, 'ಗಿಟ್ ಆ್ಯಡ್' ಎಂದು ಬರೆದು ಪಕ್ಕದಲ್ಲಿ ಒಂದು ಚುಕ್ಕೆ ಹಾಕಿ ಎಲ್ಲವನ್ನೂ ಸೇರಿಸಿದೆ. ಗಿಟ್ ಏನು ಮಾಡುತ್ತದೆ? "ಓಹೋ, ಇವರಿಗೆ ಈ ಹಳೆಯ ಚೀಲವೇ ಬೇಕಂತೆ" ಎಂದು ಹಳೆಯ ನಂಬರನ್ನೇ ಮತ್ತೆ ಚೀಟಿಯಲ್ಲಿ ಬರೆಯುತ್ತದೆ. ಗೆಳೆಯ ಮಾಡಿದ ಕೆಲಸ ನನ್ನ ಬಣ್ಣದ ಕಮಿಟ್‌ನಲ್ಲಿ ಸದ್ದಿಲ್ಲದೆ ವಾಪಸ್ಸಾಯಿತು. ಯಾವ ಎರರ್ ಕೂಡ ಬರಲಿಲ್ಲ. ವಾರದ ಮೇಲೆ ಮತ್ತೆ ಅದೇ ಒಂದು ರೂಪಾಯಿ ಕಡಿಮೆ ಬಂದಾಗಲೇ ಗೊತ್ತಾದದ್ದು.

ತಪ್ಪಿಸಲು ಮೂರು ಅಭ್ಯಾಸ ಬೇಕು. ಪುಲ್ ಆದ ಮೇಲೆ ಅಪ್‌ಡೇಟ್ ಕೊಡುವುದು ಮೊದಲನೆಯದು. ಗಿಟ್‌ಗೇ ಇದನ್ನು ಒಪ್ಪಿಸಲು:

ಗಿಟ್ ಕಾನ್ಫಿಗ್ --ಗ್ಲೋಬಲ್ ಸಬ್‌ಮಾಡ್ಯೂಲ್.ರಿಕರ್ಸ್ ಟ್ರೂ

ಇದರಿಂದ ಪುಲ್ ಮಾಡಿದಾಗ, ಬ್ರಾಂಚ್ ಬದಲಿಸಿದಾಗ ಒಳಗಿನದೂ ಜೊತೆಗೆ ಬದಲಾಗುತ್ತದೆ. ಆದರೆ ಇದು ಕ್ಲೋನ್‌ಗೆ ಅನ್ವಯಿಸುವುದಿಲ್ಲ. ಯಾರಾದರೂ ಹೊಸದಾಗಿ ಸೇರಿಸಿದ ಸಬ್‌ಮಾಡ್ಯೂಲನ್ನೂ ತಾನಾಗಿ ತರುವುದಿಲ್ಲ. ಅದಕ್ಕೆ --ಇನಿಟ್ ಬೇಕೇ ಬೇಕು. ಇನ್ನೊಂದು ಮಾತು, ಇದನ್ನು ಟ್ರೂ ಮಾಡಿದರೆ ಪುಶ್ ಕೂಡ 'ಆನ್-ಡಿಮಾಂಡ್' ರೀತಿಗೆ ತಿರುಗುತ್ತದೆ. ಮೇಲೆ ಹೇಳಿದ 'ಚೆಕ್' ಸಾಲನ್ನು ಹಾಕಿದ್ದರೆ ಅದೇ ಉಳಿಯುತ್ತದೆ.

ಎರಡನೆಯದು, ಚುಕ್ಕೆ ಹಾಕಿ ಎಲ್ಲವನ್ನೂ ಸೇರಿಸುವ ಅಭ್ಯಾಸ ಬಿಡಿ. ಕಡತದ ಹೆಸರು ಕೊಟ್ಟು ಸೇರಿಸಿ.

ಮೂರನೆಯದು, ಕಮಿಟ್ ಮಾಡುವ ಮೊದಲು ಇದನ್ನು ನೋಡಿ:

ಗಿಟ್ ಡಿಫ್ --ಕ್ಯಾಶ್ಡ್ --ಸಬ್‌ಮಾಡ್ಯೂಲ್=ಲಾಗ್

ಬರೀ ಡಿಫ್ ಕೊಟ್ಟರೆ ಎರಡು ಉದ್ದುದ್ದ ಗುರುತು ಬರುತ್ತವೆ, ಓದಿದರೆ ಏನೂ ತಿಳಿಯುವುದಿಲ್ಲ. ಹೀಗೆ ಕೊಟ್ಟರೆ ಒಳಗಿನ ಯಾವ ಯಾವ ಕಮಿಟ್ ಸೇರುತ್ತವೆ, ಯಾವುದು ಹೋಗುತ್ತದೆ ಎಂದು ಹೆಸರು ಸಮೇತ ಬರುತ್ತದೆ. ಸಾಲಿನ ಮುಂದೆ ಬಲಕ್ಕೆ ತಿರುಗಿದ ಬಾಣದ ಗುರುತಿದ್ದರೆ ಹೊಸದಾಗಿ ಸೇರಿದ್ದು. ಎಡಕ್ಕೆ ತಿರುಗಿದ್ದರೆ ಹಿಂದಕ್ಕೆ ಹೋಗುತ್ತಿದೆ. 'ರಿವೈಂಡ್' ಎಂಬ ಪದವೂ ಕಾಣುತ್ತದೆ. ಕಂಡರೆ ಅಲ್ಲೇ ನಿಲ್ಲಿ.

ಯಾವಾಗಲಾದರೂ ಅನುಮಾನ ಬಂದರೆ ಗಿಟ್ ಸಬ್‌ಮಾಡ್ಯೂಲ್ ಸ್ಟೇಟಸ್ ಕೊಡಿ. ಸಾಲಿನ ಮೊದಲ ಗುರುತನ್ನಷ್ಟೇ ನೋಡಿದರೆ ಸಾಕು. ಮೈನಸ್ ಇದ್ದರೆ ಚೀಲ ಇನ್ನೂ ತಂದಿಲ್ಲ. ಪ್ಲಸ್ ಇದ್ದರೆ ಚೀಟಿಯ ನಂಬರ್ ಒಂದು, ಫೋಲ್ಡರಿನಲ್ಲಿರುವುದು ಇನ್ನೊಂದು. ಏನೂ ಇಲ್ಲದಿದ್ದರೆ ಎಲ್ಲ ಸರಿ.

ಹೊಸ ಆವೃತ್ತಿ ತರುವುದು, ಇಬ್ಬರೂ ತಂದಾಗ

'ಲೆಕ್ಕ'ದಲ್ಲಿ ಅಡಿಕೆಯವರು ಏನೋ ಚೆನ್ನಾಗಿ ಮಾಡಿದ್ದಾರೆ, ಅದು ಮೀನಿಗೂ ಬೇಕು ಎಂದಾಗ:

ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ರಿಮೋಟ್ ಲೆಕ್ಕ

ಇದು ಮೇನ್‌ನ ತುದಿಯನ್ನು ತರುತ್ತದೆ. ಆಮೇಲೆ ಅಪ್ಲಿಕೇಶನ್ ಓಡಿಸಿ ನೋಡಿ, ಸರಿಯಿದ್ದರೆ ಮಾತ್ರ ಆ್ಯಡ್, ಕಮಿಟ್. --ರಿಮೋಟ್ ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸ ಇದೆ. ಇಲ್ಲದಿದ್ದರೆ ಚೀಟಿಯಲ್ಲಿದ್ದದ್ದನ್ನು ತರುತ್ತದೆ. ಇದ್ದರೆ ಚೀಟಿ ಬಿಟ್ಟು ಸರ್ವರ್‌ನಲ್ಲಿರುವ ಹೊಸದನ್ನು ತರುತ್ತದೆ. ಬಿಡುಗಡೆಯ ಹಿಂದಿನ ದಿನ --ರಿಮೋಟ್ ಮುಟ್ಟಬೇಡಿ.

ಇಬ್ಬರು ಬೇರೆ ಬೇರೆ ಬ್ರಾಂಚ್‌ನಲ್ಲಿ ಚೀಟಿ ಬದಲಿಸಿದ್ದರೆ ಮರ್ಜ್ ಆಗುವಾಗ 'ಲೆಕ್ಕ'ದಲ್ಲಿ ಕಾನ್‌ಫ್ಲಿಕ್ಟ್ (ಎರಡು ಬದಲಾವಣೆಗಳ ತಿಕ್ಕಾಟ) ಬರಬಹುದು. ತೆರೆದು ತಿದ್ದಲು ಅಲ್ಲಿ ಕಡತವೇ ಇರುವುದಿಲ್ಲ. ಇರುವುದು ಎರಡು ನಂಬರ್. ಒಳಗೆ ಹೋಗಿ ಮೇನ್ ಪುಲ್ ಮಾಡಿ, ಇಬ್ಬರ ಕೆಲಸವೂ ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ಮರ್ಜ್ ಮಾಡಿ, ಪುಶ್ ಮಾಡಿ. ಆಮೇಲೆ ಹೊರಗೆ ಬಂದು ಗಿಟ್ ಆ್ಯಡ್ ಲೆಕ್ಕ, ಗಿಟ್ ಕಮಿಟ್. ಇಲ್ಲೂ ಚೀಲ ಮೊದಲು.

ನೆಟ್‌ವರ್ಕ್ ಇಲ್ಲದ ದಿನ, ಪೆನ್‌ಡ್ರೈವ್‌ನಲ್ಲಿ

ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಇಂಟರ್ನೆಟ್ ಇಲ್ಲದಿರುವುದು ಹೊಸದಲ್ಲ. ಅಂಥ ಹೊತ್ತಿನಲ್ಲಿ ದೇವಿಮನೆ ಘಟ್ಟ ಇಳಿಯುವ ಪರಿಚಯದವರ ಕೈಲಿ ಪೆನ್‌ಡ್ರೈವ್ ಕಳಿಸಿದ್ದೇವೆ. ಗಿಟ್‌ಗೆ ಸರ್ವರ್ ಇರಲೇಬೇಕು ಎಂದೇನಿಲ್ಲ. ಗಿಟ್ ಕ್ಲೋನ್ --ಬೇರ್ ಎಂದು ಕೊಟ್ಟು 'ಮೀನು', 'ಲೆಕ್ಕ' ಎರಡನ್ನೂ ಪೆನ್‌ಡ್ರೈವ್‌ನಲ್ಲಿ ಅಕ್ಕಪಕ್ಕ ಇಟ್ಟರೆ ಅದೇ ಒಂದು ಸರ್ವರ್ ಆಯಿತು.

ಆದರೆ ಒಂದು ತೊಡಕು ಇದೆ. ಭದ್ರತೆಯ ದೋಷವೊಂದನ್ನು ಮುಚ್ಚಲು 2022ರ ಅಕ್ಟೋಬರ್‌ನಲ್ಲಿ ಬಂದ 2.38.1ರಿಂದ, ಅದೇ ಕಂಪ್ಯೂಟರಿನ ಫೋಲ್ಡರ್ ಅಥವಾ ಪೆನ್‌ಡ್ರೈವ್‌ನಿಂದ ಸಬ್‌ಮಾಡ್ಯೂಲ್ ತರಲು ಗಿಟ್ ಒಪ್ಪುವುದಿಲ್ಲ. 'ಟ್ರಾನ್ಸ್‌ಪೋರ್ಟ್ ಫೈಲ್ ನಾಟ್ ಅಲೌಡ್' ಎನ್ನುತ್ತದೆ. ಪೆನ್‌ಡ್ರೈವ್ ಯಾರದ್ದು ಎಂದು ನಿಮಗೆ ಖಾತ್ರಿ ಇದ್ದರೆ, ಆ ಒಂದು ಸಲಕ್ಕೆ ಮಾತ್ರ ಹೀಗೆ ಕೊಡಿ:

ಗಿಟ್ -ಸಿ ಪ್ರೋಟೋಕಾಲ್.ಫೈಲ್.ಅಲೌ=ಆಲ್ವೇಸ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್

ಇದನ್ನು ಗ್ಲೋಬಲ್ ಕಾನ್ಫಿಗ್‌ನಲ್ಲಿ ಹಾಕಿ ಮರೆಯಬೇಡಿ. ಬಾಗಿಲು ತೆರೆದಿಟ್ಟು ಮಲಗಿದ ಹಾಗೆ ಆಗುತ್ತದೆ.

'ಲೆಕ್ಕ' ಮೊದಲೇ ನಿಮ್ಮ ಹತ್ತಿರ ಇದ್ದು, ಹೊಸ ಕಮಿಟ್ ಮಾತ್ರ ಪೆನ್‌ಡ್ರೈವ್‌ನಲ್ಲಿ ಬಂದಿದ್ದರೆ ಇದೂ ಬೇಡ. ಒಳಗೆ ಹೋಗಿ ಗಿಟ್ ಸ್ವಿಚ್ ಮೇನ್ ಎಂದು ಕೊಡಿ. ಆಮೇಲೆ ಗಿಟ್ ಪುಲ್ ಎಂದು ಬರೆದು, ಪೆನ್‌ಡ್ರೈವ್‌ನ 'ಲೆಕ್ಕ' ಇರುವ ಜಾಗ ಹಾಗೂ ಮೇನ್ ಎಂದು ಸೇರಿಸಿ. ನೀವೇ ನೇರವಾಗಿ ಕೇಳಿದ್ದಕ್ಕೆ ಗಿಟ್ ಅಡ್ಡಿ ಮಾಡುವುದಿಲ್ಲ. 'ಮೀನು' ರೆಪೊವನ್ನೂ ಹಾಗೇ ಪುಲ್ ಮಾಡಿ ಅಪ್‌ಡೇಟ್ ಕೊಟ್ಟರೆ, ಚೀಲ ಆಗಲೇ ಮನೆಯಲ್ಲಿ ಇರುವುದರಿಂದ ಇಂಟರ್ನೆಟ್ ಕೇಳುವುದೇ ಇಲ್ಲ.

ಜಾಗ ಬದಲಿಸುವುದು, ತೆಗೆಯುವುದು

'ಲೆಕ್ಕ' ಬೇರೆ ಸರ್ವರ್‌ಗೆ ಹೋದರೆ ಗಿಟ್ ಸಬ್‌ಮಾಡ್ಯೂಲ್ ಸೆಟ್-ಯುಆರ್‌ಎಲ್ ಲೆಕ್ಕ ಎಂದು ಬರೆದು ಹೊಸ ವಿಳಾಸ ಕೊಡಿ. .ಗಿಟ್‌ಮಾಡ್ಯೂಲ್ಸ್ ಕಡತ ಬದಲಾಗುತ್ತದೆ, ಅದನ್ನು ಕಮಿಟ್ ಮಾಡಿ ಪುಶ್ ಮಾಡಿ. ಉಳಿದವರು ಪುಲ್ ಮಾಡಿದ ಮೇಲೆ ತಮ್ಮಲ್ಲಿ ಗಿಟ್ ಸಬ್‌ಮಾಡ್ಯೂಲ್ ಸಿಂಕ್ ಎಂದು ಒಮ್ಮೆ ಕೊಡಬೇಕು. ಇಲ್ಲದಿದ್ದರೆ ಅವರ ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತದೆ, ಏಕೆಂದರೆ ಪ್ರತಿಯೊಬ್ಬರ ಕಾನ್ಫಿಗ್‌ನಲ್ಲೂ ವಿಳಾಸದ ಒಂದು ಪ್ರತಿ ಇರುತ್ತದೆ.

ಪೂರ್ತಿ ತೆಗೆಯುವಾಗ ಫೋಲ್ಡರ್ ಅಳಿಸಿದರೆ ಸಾಲದು. ಮೊದಲು ಒಳಗಿನ ಕೆಲಸವೆಲ್ಲ ಪುಶ್ ಆಗಿದೆಯೇ ನೋಡಿಕೊಳ್ಳಿ. ಆಮೇಲೆ:

ಗಿಟ್ ಸಬ್‌ಮಾಡ್ಯೂಲ್ ಡಿಇನಿಟ್ -ಎಫ್ ಲೆಕ್ಕ
ಗಿಟ್ ಆರ್‌ಎಂ ಲೆಕ್ಕ
ಗಿಟ್ ಕಮಿಟ್

ಎರಡನೇ ಸಾಲು .ಗಿಟ್‌ಮಾಡ್ಯೂಲ್ಸ್‌ನಲ್ಲಿದ್ದ ಆ ಭಾಗವನ್ನೂ ತೆಗೆಯುತ್ತದೆ. ಇಷ್ಟಾದರೂ ಹೊರಗಿನ ರೆಪೊದ .ಗಿಟ್ ಫೋಲ್ಡರಿನಲ್ಲಿ ಮಾಡ್ಯೂಲ್ಸ್ ಎಂಬ ಜಾಗ ಇದೆ, ಅದರೊಳಗೆ 'ಲೆಕ್ಕ'ದ ಪೂರ್ತಿ ಇತಿಹಾಸ ಇನ್ನೂ ಕೂತಿರುತ್ತದೆ. ಹಳೆಯ ಕಮಿಟ್‌ಗೆ ಹಿಂದಿರುಗಿದರೆ ಮತ್ತೆ ಬೇಕಾಗಬಹುದು ಎಂದು ಗಿಟ್ ಅದನ್ನು ಇಟ್ಟಿರುತ್ತದೆ. ಅದೇ ಹೆಸರಿನಲ್ಲಿ ಬೇರೆ ರೆಪೊವನ್ನು ಸೇರಿಸುವುದಿದ್ದರೆ ಮಾತ್ರ ಅದನ್ನು ಕೈಯಾರೆ ಅಳಿಸಿ. ಇಲ್ಲದಿದ್ದರೆ ಅಲ್ಲೇ ಇರಲಿ.